ಎಡದಿಂದ ಬಂದವನು

ನನ್ನ ಕಣ್ಣಿಗೆ ಏನೋ ಆಗಿದೆ ಎಂಬುದು ಮೊದಲು ಗೊತ್ತಾದದ್ದು ಡಾಕ್ಟರಿಗಲ್ಲ, ಅವ್ವನಿಗಲ್ಲ, ನನಗಂತೂ ಅಲ್ಲವೇ ಅಲ್ಲ. ಪುಣೆ ಪಕ್ಕದ ಚಿಂಚವಾಡ ಸ್ಟೇಶನ್ನಿನ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅದರ ಮೂಲೆಯಲ್ಲಿದ್ದ ಆಟದ ಡಬ್ಬಿಗೆ ಗೊತ್ತಾಯಿತು. ಆರು ತಿಂಗಳು ಅದು ನನ್ನನ್ನು ಕೊಂದು ಕೊಂದು ಅದನ್ನೇ ಹೇಳಿತು. ನಾನು ಶತಮೂರ್ಖ, ನನ್ನ ಕೈ ಸರಿಯಿಲ್ಲ ಅಂದುಕೊಂಡೆ.

ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ಗುಲಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನು, ಆಮೇಲೆ ಒಂದು ಫೌಂಡ್ರಿ ಸೇರಿದ್ದ. ಅಣ್ಣ ಸ್ಕೂಟರಿನ ಬಿಡಿಭಾಗ ಮಾರುವ ಅಂಗಡಿಯಲ್ಲಿದ್ದ. ನಾನು ಐಟಿಐ ಮುಗಿಸಿ ಒಂದು ಕಾರ್ಖಾನೆಯಲ್ಲಿ ಡ್ರಿಲ್ಲಿಂಗ್ ಮಷೀನಿನ ಮುಂದೆ ನಿಂತಿದ್ದೆ. ಸೇರುವಾಗ ಕಣ್ಣಿನ ಪರೀಕ್ಷೆಯೂ ಆಗಿತ್ತು. ಗೋಡೆಗೆ ತೂಗುಹಾಕಿದ್ದ ಅಕ್ಷರಗಳ ಕೊನೆಯ ಸಾಲನ್ನು ಓದಿದ್ದಲ್ಲದೆ, ಅದರ ಕೆಳಗೆ ಇರುವೆಯಷ್ಟು ಸಣ್ಣಗೆ ಅಚ್ಚಾಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿದ್ದೆ. ಕಾರ್ಖಾನೆಯ ಡಾಕ್ಟರು ನಕ್ಕು, ಸಾಕಪ್ಪಾ ಎಂದು ಸಹಿ ಹಾಕಿದ್ದರು. ಆ ಸಹಿಯ ಬಗ್ಗೆ ನಾನು ಮನೆಯಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದೆನೋ ಲೆಕ್ಕವಿಲ್ಲ.

ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಅಣ್ಣನೂ ನಾನೂ ಆ ಅಂಗಡಿಗೆ ಹೋಗುತ್ತಿದ್ದೆವು. ನನ್ನ ಡಬ್ಬಿ ಕತ್ತಿವರಸೆಯದು. ನಮ್ಮವನು ಕತ್ತಿ ಹಿಡಿದು ಹಳ್ಳಿ, ಕಾಡು, ಕೋಟೆ ದಾಟುತ್ತಾ ಬಲಕ್ಕೆ ನಡೆಯುತ್ತಾನೆ. ಎದುರಿಗೆ ಕೊಡಲಿ ಹಿಡಿದವರು ಬರುತ್ತಾರೆ. ಒಂದು ಬಟನ್ ಹೊಡೆಯಲು, ಇನ್ನೊಂದು ತಡೆಯಲು. ಕೇಳಲು ಸುಲಭ. ಆದರೆ ಕೊಡಲಿ ತಲೆಯ ಮೇಲಕ್ಕೆ ಏರಿ, ಅಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು, ಕೆಳಗಿಳಿಯುತ್ತದೆ. ಆ ನಿಂತ ಹೊತ್ತಿನಲ್ಲೇ ತಡೆಯಬೇಕು. ಮುಂಚೆ ಒತ್ತಿದರೆ ನಮ್ಮವನ ಕತ್ತಿ ಏರಿ ಇಳಿದುಬಿಟ್ಟಿರುತ್ತದೆ. ತಡವಾದರೆ ಸತ್ತ. ಸರಿಯಾಗಿ ಒತ್ತಿದರೆ ಮಾತ್ರ ಟಣ್ ಎಂದು ಸದ್ದಾಗಿ ಕೊಡಲಿಯವನು ತತ್ತರಿಸುತ್ತಾನೆ, ಆಗ ಅವನ ಹೊಟ್ಟೆಗೆ ಕೊಡಬಹುದು.

ಒಬ್ಬನೇ ಎದುರಿಗೆ ಬಂದರೆ ನನ್ನನ್ನು ಮೀರಿಸುವವರು ಆ ಅಂಗಡಿಯಲ್ಲಿ ಇರಲಿಲ್ಲ. ಸುಳ್ಳಲ್ಲ. ಹಿಂದೆ ನಿಂತವರು ಶಭಾಷ್ ಅನ್ನುತ್ತಿದ್ದರು. ನನ್ನ ಪೀಡೆ ಇದ್ದದ್ದು ನಾಲ್ಕನೆಯ ಹಂತದಲ್ಲಿ. ಅಲ್ಲೊಂದು ಹಗ್ಗದ ಸೇತುವೆ. ಬಲಗಡೆಯಿಂದ ಕೊಡಲಿಯವನು ಬರುತ್ತಾನೆ, ಅದೇ ಹೊತ್ತಿಗೆ ಎಡಗಡೆಯ ಅಂಚಿನಿಂದ ಕುಳ್ಳನೊಬ್ಬ ಮಚ್ಚು ಹಿಡಿದು ಓಡಿ ಬರುತ್ತಾನೆ. ನಾನು ಕೊಡಲಿಯನ್ನು ಟಣ್ ಎನ್ನಿಸುವ ಹೊತ್ತಿಗೆ ಕುಳ್ಳ ಬೆನ್ನಿಗೆ ಹಾಕಿ ಮುಗಿಸಿರುತ್ತಿದ್ದ. ಅವನು ಬಂದದ್ದೇ ನನಗೆ ಗೊತ್ತಾಗುತ್ತಿರಲಿಲ್ಲ. ಆಕಾಶದಿಂದ ಉದುರಿದ ಹಾಗೆ ಬೆನ್ನ ಹಿಂದೆ ಇರುತ್ತಿದ್ದ.

"ಎಡಕ ನೋಡಲೇ ಕುರುಡ್ಯಾ! ಎಡಕ!" ಅಣ್ಣ ತಲೆ ಚಚ್ಚಿಕೊಳ್ಳುತ್ತಿದ್ದ. "ಮಚ್ಚ ಹಿಡದ ಓಡಿ ಬರಾಕತ್ತಾನ, ಕಾಣಂಗಿಲ್ಲೇನ್ ನಿನಗ?"

"ಕಾಣ್ತಾನೋ ಮಾರಾಯಾ! ಕೈ ಬರವಲ್ದು!" ಎಂದು ನಾನೂ ಕೂಗುತ್ತಿದ್ದೆ.

ಈ ಸುಳ್ಳನ್ನು ನಾನು ಬೇಕೆಂದು ಹೇಳಲಿಲ್ಲ. ಕಾಣದ್ದು ಕಾಣುವುದಿಲ್ಲ ಅಂತ ಗೊತ್ತಾಗುವುದಾದರೂ ಹೇಗೆ? ನನ್ನ ಕಣ್ಣೆದುರು ಕಪ್ಪು ಪರದೆ ಏನೂ ಇರಲಿಲ್ಲ. ಕಂಡಷ್ಟೂ ಸ್ವಚ್ಛವಾಗಿಯೇ ಕಾಣುತ್ತಿತ್ತು. ಎಲ್ಲರಿಗೂ ಅಷ್ಟೇ ಕಾಣುತ್ತದೆ, ಅವರೆಲ್ಲ ನನಗಿಂತ ಚುರುಕು ಎಂದೇ ನಂಬಿದ್ದೆ.

ಅಣ್ಣ ಒಂದು ದಿನ ನನ್ನನ್ನು ಪಕ್ಕಕ್ಕೆ ಸರಿಸಿ, ಬಾಯಲ್ಲಿ ಶೇಂಗಾ ಜಗಿಯುತ್ತಲೇ, ಎರಡನೇ ಸಲಕ್ಕೆ ಸೇತುವೆ ದಾಟಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಅವತ್ತಿನಿಂದ ನಾನು ಹಟಕ್ಕೆ ಬಿದ್ದೆ. ಕಾರ್ಖಾನೆಯಲ್ಲಿ ಡ್ರಿಲ್ಲು ಇಳಿಸುವಾಗ, ಲೋಕಲ್ ರೈಲಿಗೆ ಕಾಯುವಾಗ, ಊಟಕ್ಕೆ ಕೂತಾಗ ತೊಡೆಯ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಲೆಕ್ಕ ಹಾಕಿದೆ. ಕೊಡಲಿಗೆ ಒಂದು, ತಿರುಗು, ಮಚ್ಚಿಗೆ ಎರಡು. ಕುಳ್ಳ ಬರುವ ಹೊತ್ತನ್ನು ಬಾಯಿಪಾಠ ಮಾಡಿದೆ. ಹಾಳಾದವನು ಪ್ರತಿ ಸಲವೂ ಅದೇ ಹೊತ್ತಿಗೆ ಬರುತ್ತಿರಲಿಲ್ಲ. ನಾನು ಖಾಲಿ ಸೇತುವೆಗೆ ಕತ್ತಿ ಬೀಸುವಾಗ ಕೊಡಲಿಯವನು ಹಿಂದಿನಿಂದ ಕೊಲ್ಲುತ್ತಿದ್ದ. ಅಂಗಡಿಯ ಮಾಲೀಕ ಒಬ್ಬ ಮುದುಕ, ಪಾಪ, ಅವನಿಗೂ ಬೇಸರವಾಗಿತ್ತು. "ಕಾಯ್ ರೇ, ಪುನ್ಹಾ ಮೇಲಾಸ್?" ಅನ್ನುತ್ತಿದ್ದ. ಹೌದು, ಮತ್ತೆ ಸತ್ತೆ.

ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು. ಆಟ ಒಂದೇ ಆಗಿದ್ದರೆ ಬಿಡಬಹುದಿತ್ತು. ಮನೆಯಲ್ಲಿ ನೀರಿನ ಕೊಡ ಒದೆಯುತ್ತಿದ್ದೆ. ಕಾರ್ಖಾನೆಯಲ್ಲಿ ಕೈಗಾಡಿಗೆ ಎರಡು ಸಲ ಮೊಣಕಾಲು ಬಡಿಸಿಕೊಂಡೆ, ಸೂಪರ್‌ವೈಸರ್ ಎಲ್ಲರೆದುರು ಬೈದರು. ಸಂಜೆ ಮಬ್ಬಾದರೆ ಅಣ್ಣನ ಹೆಗಲು ಹಿಡಿಯದೆ ಹಳಿ ದಾಟಲು ಆಗುತ್ತಿರಲಿಲ್ಲ. ಅವ್ವ ಇರುಳುಗಣ್ಣು ಇರಬೇಕೆಂದು ದಿನಾ ಗಜ್ಜರಿ ತಿನ್ನಿಸಿದಳು. ನಾನು ಮಾತ್ರ ಎಲ್ಲಕ್ಕೂ ಒಂದೇ ಕಾರಣ ಹಿಡಿದುಕೊಂಡೆ, ನಾನೊಬ್ಬ ಮಂದ, ಇನ್ನೊಬ್ಬರ ಕೈ ಏಳುವಾಗ ನನ್ನ ಕೈ ಏಳುವುದಿಲ್ಲ, ಮಷೀನಿನ ಮುಂದೆ ನಿಲ್ಲಲು ನಾನು ಲಾಯಕ್ಕಲ್ಲ. ಇಪ್ಪತ್ತು ವರ್ಷಕ್ಕೆ ಇಷ್ಟು ಕೆಲಸಕ್ಕೆ ಬಾರದವನಾದೆನಲ್ಲ ಎಂದು ಹೊದಿಕೆಯೊಳಗೆ ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆ ಏನು ಬಂತು ಈಗ.

ಒಂದು ಭಾನುವಾರ ಹೀಗೇ ಸತ್ತು, ಡಬ್ಬಿಗೆ ಹಣೆ ಹಚ್ಚಿ ಸಿಟ್ಟಿನಿಂದ ನಿಂತಿದ್ದೆ. ತಲೆ ಎತ್ತಿ ಪರದೆಯನ್ನೇ ನೋಡುತ್ತಿದ್ದಾಗ ಎಡಗಡೆಯಿಂದ ಅಣ್ಣನ ದನಿ ಬಂತು.

"ಸಿಟ್ಟ ಬ್ಯಾಡೋ. ತಗೋ."

"ಏನ್ ತಗೋಬೇಕು?"

"ಚಹಾ ಲೇ. ಆಗಿಂದ ಹಿಡದ ನಿಂತೀನಿ, ಕೈ ಸುಡಾಕತ್ತದ."

ನಾನು ತಿರುಗಿದೆ. ಅವನ ಕೈಯಲ್ಲಿ ಚಹಾದ ಗಾಜಿನ ಲೋಟ ಇತ್ತು. ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ. ಅಣ್ಣ ಮೊದಲು ನಕ್ಕ. ಆಮೇಲೆ ನಗು ನಿಂತಿತು.

"ಮುಂದ ನೋಡು. ಡಬ್ಬೀನೇ ನೋಡು, ಹೊಳ್ಳಬ್ಯಾಡ," ಅಂದ. "ಈಗ ಕಾಣ್ತದ?"

"ಏನು?"

"ಈಗ?"

"ಏನ್ ಹೇಳಾಕತ್ತಿ ನೀ?"

ಲೋಟ ಹೆಚ್ಚುಕಡಿಮೆ ನನ್ನ ಮೂಗಿನ ಎದುರಿಗೇ ಬಂದಾಗ, ಕಂಡಿತು ಅಂದೆ. ಬಲಗಡೆಯೂ ಹಾಗೇ ಮಾಡಿದ. ಅಲ್ಲೂ ಅಷ್ಟೇ. ಚಹಾ ಚೆಲ್ಲಿ ಅವನ ಅಂಗಿ ತೋಯ್ದಿತ್ತು. ಮನೆಯವರೆಗೂ ಅಣ್ಣ ನನ್ನ ತೋಳು ಹಿಡಿದೇ ನಡೆದ.

ಮರುವಾರ ಅವ್ವ, ಅಣ್ಣ ಇಬ್ಬರೂ ನನ್ನನ್ನು ಪುಣೆಯ ಒಂದು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಕಣ್ಣೊಳಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ, ನಿಮ್ಮದು ಸಂಬಂಧದಲ್ಲೇ ಆದ ಮದುವೆಯೇ ಎಂದು ಮರಾಠಿಯಲ್ಲಿ ಕೇಳಿದರು. ಅವ್ವನ ಮುಖ ಅರಳಿತು. ಇಲ್ಲಿಯ ಮರಾಠಿ ಹೆಂಗಸರು ಈ ವಿಷಯಕ್ಕೆ ಮೂಗು ಮುರಿದಾಗಲೆಲ್ಲ ಅವಳು ಎದೆಯುಬ್ಬಿಸಿ ಹೇಳುತ್ತಿದ್ದದ್ದನ್ನೇ ಹೇಳಿದಳು. ಭಾಷೆ ಮರೆತು ಕನ್ನಡದಲ್ಲೇ ಶುರುಮಾಡಿದಳು.

"ಹೌದ್ರಿ. ಸ್ವಂತ ಸ್ವಾದರಮಾವನ್ನ ಮಾಡ್ಕೊಂಡೀನ್ರಿ. ನಮ್ಮವ್ವನ ಖಾಸ ತಮ್ಮ. ಹೊರಗಿಂದು ಒಂದ್ ಹನಿ ರಕ್ತ ಇಲ್ರಿ ನಮ್ಮ ಮನ್ಯಾಗ."

ಅಣ್ಣ ತಲೆ ತಗ್ಗಿಸಿ ಅದನ್ನು ಮರಾಠಿಯಲ್ಲಿ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟರು. ಹೀಗೆ ಹತ್ತಿರದ ಸಂಬಂಧದಲ್ಲಿ ಹುಟ್ಟಿದವರಿಗೆ ಈ ರೋಗ ಬರುವ ಸಂಭವ ಹೆಚ್ಚು, ಇದಕ್ಕೆ ಔಷಧಿಯಿಲ್ಲ, ಅಂಚಿನಿಂದ ಒಳಕ್ಕೆ ನೋಟ ಸಣ್ಣಗಾಗುತ್ತಾ ಹೋಗುತ್ತದೆ ಎಂದರು. ಎಷ್ಟು ಉಳಿದಿದೆ ಎಂದು ನೋಡೋಣ, ಪಕ್ಕದ ಕೋಣೆಗೆ ಹೋಗಿ ಎಂದರು. ಅವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಅಲ್ಲೇ ಕುಳಿತಳು. ಆ ಮದುವೆಯ ಮಾತನ್ನು ಅವಳು ಮತ್ತೆ ಯಾರೆದುರೂ ಎತ್ತಲಿಲ್ಲ.

ಪಕ್ಕದ ಕೋಣೆಯಲ್ಲಿ ಬೋಗುಣಿಯನ್ನು ಅಡ್ಡ ನಿಲ್ಲಿಸಿದ ಹಾಗೆ ಒಂದು ಬಿಳಿ ಯಂತ್ರ. ಗದ್ದ ಇಟ್ಟು ಒಳಗೆ ನೋಡಬೇಕು. ಅಲ್ಲಿದ್ದ ಹೆಣ್ಣುಮಗಳು ನನ್ನ ಕೈಗೆ ಒಂದು ಬಟನ್ ಕೊಟ್ಟಳು. ನಡುವಿನ ಚುಕ್ಕೆಯನ್ನೇ ನೋಡುತ್ತಿರು, ಅಕ್ಕಪಕ್ಕ ಎಲ್ಲಿಯಾದರೂ ಬೆಳಕು ಮಿಣುಕ್ ಎಂದರೆ ಒತ್ತು ಅಂದಳು.

ದೇವರಾಣೆ, ನನಗೆ ಖುಷಿಯಾಯಿತು. ಬಟನ್! ಆರು ತಿಂಗಳು ಹೆಬ್ಬೆರಳು ಪಳಗಿಸಿದವನು ನಾನು. ಇಲ್ಲಿ ಗೆದ್ದರೆ ಡಾಕ್ಟರು ಹೇಳಿದ್ದೆಲ್ಲ ಸುಳ್ಳಾಗುತ್ತದೆ ಎಂದು ಯಾಕೋ ಅನ್ನಿಸಿಬಿಟ್ಟಿತು. ಬೆಳಕು ಬಂತು, ಒತ್ತಿದೆ. ಬಂತು, ಒತ್ತಿದೆ. ಕೈ ಒಂದು ಸಲವೂ ತಡವಾಗಲಿಲ್ಲ. ನಡುನಡುವೆ ಯಂತ್ರ ಸುಮ್ಮನೆ ನಿಂತುಬಿಡುತ್ತಿತ್ತು. ಬಹಳ ಹೊತ್ತು ಏನೂ ಬರುತ್ತಿರಲಿಲ್ಲ. ನಾನು ಹೆಬ್ಬೆರಳು ಸಡಿಲ ಬಿಡದೆ ಕಾಯುತ್ತಿದ್ದೆ.

ಮುಗಿದ ಮೇಲೆ ಬಾಗಿಲಲ್ಲಿ ನಿಂತಿದ್ದ ಅಣ್ಣನಿಗೆ, "ಒಂದೂ ಬಿಡಲಿಲ್ಲ ನೋಡು!" ಅಂದೆ. ಆಮೇಲೆ ಆ ಹೆಣ್ಣುಮಗಳನ್ನು, ತಾಯಿ, ನಿಮ್ಮ ಮಷೀನು ನಡುನಡುವೆ ಯಾಕೆ ನಿಲ್ಲುತ್ತದೆ, ಕೆಟ್ಟಿದೆಯಾ ಎಂದು ಮರಾಠಿಯಲ್ಲಿ ಕೇಳಿದೆ.

ಯಂತ್ರದಿಂದ ಹೊರಬಂದ ಕಾಗದವನ್ನು ಹರಿಯುತ್ತಿದ್ದ ಅವಳ ಕೈ ನಿಂತಿತು. "ಮಷೀನು ಎಲ್ಲಿಯೂ ನಿಂತಿಲ್ಲಪ್ಪಾ," ಅಂದಳು ಮೆಲ್ಲಗೆ.

ಕಾಗದ ನೋಡಿದೆ. ಸುತ್ತಲೂ ಮಸಿ, ನಡುವೆ ಕುಂಕುಮದ ಭರಣಿಯ ಮುಚ್ಚಳದಷ್ಟು ಬಿಳಿ. ಅದೇ ನನ್ನ ಪಾಲಿನ ಲೋಕ. ಅಣ್ಣ ಏನಾದರೂ ಹೇಳಲಿ, ಬೈಯಲಿ, ಕುರುಡ್ಯಾ ಎಂದಾದರೂ ಕರೆಯಲಿ ಎಂದು ಕಾದೆ. ಅವನ ಸದ್ದೇ ಇಲ್ಲ. ಹೊರಗೆ ಹೋಗಿರಬೇಕು ಅಂದುಕೊಂಡೆ. ಆಮೇಲೆ ಏನೋ ನೆನಪಾಗಿ ಕತ್ತು ಪೂರ್ತಿ ಎಡಕ್ಕೆ ಹೊರಳಿಸಿದೆ. ಅಣ್ಣ ಅಲ್ಲೇ, ನನ್ನ ಭುಜಕ್ಕೆ ತಾಗುವಷ್ಟು ಹತ್ತಿರ, ಬಾಯಿಗೆ ಮುಷ್ಟಿ ಒತ್ತಿಕೊಂಡು ಅಳುತ್ತಾ ನಿಂತಿದ್ದ.