ಮಂಜಿನಲ್ಲಿ ಚರಗದ ಕೂಗು

ಆರು ವರ್ಷಗಳ ಹಿಂದಿನ ಎಳ್ಳಮಾವಾಸ್ಯೆಯಂದು, ಬೆಳಿಗ್ಗೆ ಏಳರ ಸುಮಾರಿಗೆ, ಯಲವಿಗಿ ಹತ್ತಿರದ ಜೋಳದ ಹೊಲದಲ್ಲಿ ನನ್ನ ಐದು ವರ್ಷದ ಮಗಳು ಹತ್ತು ನಿಮಿಷ ಕಾಣೆಯಾಗಿದ್ದಳು. ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ಅದುವರೆಗೆ ಇಂಥ ವಿಚಿತ್ರ ಸುದ್ದಿ ಬಂದರೆ ಪೂರ್ತಿ ಓದದೆ ಪಕ್ಕಕ್ಕಿಡುತ್ತಿದ್ದೆ. ನಂಬಿಕೆ ಇರಲಿಲ್ಲ. ಆದ್ದರಿಂದ ನಡೆದಷ್ಟನ್ನೇ ಬರೆಯುತ್ತೇನೆ.

ರೈಲು ಇಳಿದು ಅಕ್ಕನ ಮನೆಗೆ ಕಾಲುದಾರಿ ಹಿಡಿದಿದ್ದೆವು. ಒಂದು ಕಡೆ ಎದೆಯೆತ್ತರದ ಬಿಳಿಜೋಳ, ಇನ್ನೊಂದು ಕಡೆ ಕಡಲೆ, ಅದರ ಅಂಚಿಗೆ ಕುಸುಬೆ. ಹತ್ತು ಹೆಜ್ಜೆ ಆಚೆಗೆ ಮಂಜು ಬಿಟ್ಟು ಏನೂ ಇಲ್ಲ.

"ಅಪ್ಪಾ, ಕಡ್ಲಿಗಿಡಾ ಯಾಕ ಅಳಾಕತ್ತಾವು?"

"ಅಳವಲ್ಲವ್ವ, ಮಾರಿ ತೊಳಕೊಂಡಾವ."

ಅಷ್ಟರಲ್ಲಿ ಮುಂದಿನಿಂದ ಗಂಡು ದನಿ ಕೇಳಿತು: "ಹುಲ್ಲುಲ್ಲಿಗ್ಯೋ!" ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಕೂಗು ಅದು. ಭೂಮಿತಾಯಿಗೆಂದು ಮಾಡಿದ ಅಡಿಗೆಯನ್ನು ಒಬ್ಬರು ಹೊಲದಲ್ಲಿ ಚೆಲ್ಲುತ್ತ ಹಾಗೆ ಕೂಗಿದರೆ, ಹಿಂದೆ ನೀರು ಚಿಮುಕಿಸುತ್ತ ಬರುವವರು "ಸಲಾಂಬ್ರಿಗ್ಯೋ" ಎನ್ನಬೇಕು. ಅಕ್ಕನ ಗಂಡ, ನನ್ನ ಮಾವನ ದನಿ ಎಂದುಕೊಂಡು, ಚಿಕ್ಕಂದಿನ ರೂಢಿಯಂತೆ ನಾನೇ ಉತ್ತರ ಕೊಟ್ಟೆ.

ಮರುಕ್ಷಣ ಅದೇ ಉತ್ತರ ನನ್ನ ಬೆನ್ನ ಹಿಂದೆ ಕೇಳಿತು.

ತಿರುಗಿದೆ. ಕನ್ನಡಕ ಮಂಜಾಗಿತ್ತು. ಒರೆಸಲೆಂದು ಮಗಳ ಕೈ ಬಿಟ್ಟೆ. ಹಾಕಿಕೊಂಡು ನೋಡಿದರೆ ಹಿಂದೆ ಯಾರೂ ಇಲ್ಲ, ಪಕ್ಕದಲ್ಲಿ ಮಗಳೂ ಇಲ್ಲ.

ಕೂಗಿದೆ. ಜೋಳದೊಳಗೆ ನುಗ್ಗಿದೆ. ಆ ಹೊಲದ ನಡುವೆ ಕಟ್ಟೆಯಿಲ್ಲದ ಹಾಳುಬಾವಿ ಇದೆ ಎಂಬುದು ನೆನಪಾಗಿ ಅತ್ತ ಓಡಿದೆ. ಅವಳು ಸಿಕ್ಕಿದ್ದು ಬಾವಿಯ ಆಚೆ ಬದುವಿನ ಮೇಲೆ, ಬಲಗೈಯನ್ನು ಯಾರದೋ ಕೈ ಹಿಡಿದಂತೆ ಮೇಲೆತ್ತಿ ನಿಂತಿದ್ದಳು. ಸ್ವೆಟರಿನ ಬೆನ್ನು ತೊಯ್ದು ನೀರು ಇಳಿಯುತ್ತಿತ್ತು. ನನ್ನ ಅಂಗಿಯ ಬೆನ್ನು ಒಣಗಿಯೇ ಇತ್ತು.

"ಇಲ್ಲಿಗ್ಯಾಂಗ ಬಂದೆವ್ವ?"

"ನೀನ ಕರಕೊಂಡ ಬಂದ್ಯಲ್ಲ!"

ಎತ್ತಿಕೊಂಡು ಓಡಿದೆ. ಮಾವ ಮನೆಯ ಮುಂದೆ ಎತ್ತುಗಳ ಮೈ ತೊಳೆಯುತ್ತಿದ್ದರು. ಒಳಗೆ ಅಕ್ಕನ ಕಡಬು ಇನ್ನೂ ಬೇಯುತ್ತಿತ್ತು. ಕೂಗು ಕೇಳಿದ್ದನ್ನು ಹೇಳಿದೆ.

"ಮಧ್ಯಾಹ್ನಕ್ಕ ಮೊದ್ಲ ಯಾವ ಮಗಾ ಚರಗ ಚೆಲ್ತಾನೋ? ಪೇಪರ್‌ದಾಂವಗ ಇಷ್ಟೂ ಗೊತ್ತಿಲ್ಲಲ್ಲ!" ಎಂದು ಮಾವ ನಕ್ಕರು. ಸ್ವೆಟರ್ ಮುಟ್ಟಿ ನೋಡಿದ ಮೇಲೆ ನಗಲಿಲ್ಲ.

ಸುತ್ತಲಿನ ಹೊಲದವರನ್ನೆಲ್ಲ ಕೇಳಿದೆ. ಆ ಬೆಳಿಗ್ಗೆ ಯಾರೂ ಹೊಲಕ್ಕೆ ಹೋಗಿರಲಿಲ್ಲ. ಮಂಜಿನಲ್ಲಿ ದನಿ ದಿಕ್ಕು ತಪ್ಪಿಸುತ್ತದೆ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ಮಂಜಿನಲ್ಲಿ ಮಗು ಬೀಳದೆ ಬಾವಿ ದಾಟಿದ್ದು ಹೇಗೆಂದು ಹೇಳಲು ನನಗೆ ಇಂದಿಗೂ ಆಗಿಲ್ಲ.

ಕಳೆದ ಎಳ್ಳಮಾವಾಸ್ಯೆಗೆ ಮಗಳು ಹಟ ಮಾಡಿ ನೀರಿನ ತಂಬಿಗೆ ಹಿಡಿದು ಮಾವನ ಹಿಂದೆ ನಡೆದಳು. ಮಟಮಟ ಮಧ್ಯಾಹ್ನ. ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ, ಅವಳ ಹಿಂದೆ ಯಾರೂ ಇರಲಿಲ್ಲ. ಮಾವ ಕೂಗಿದರು. ಅವಳು ಉತ್ತರ ಕೂಗದೆ ನೀರು ಚಿಮುಕಿಸಿದಳು.

"ಯಾಕವ್ವ, ಸಲಾಂಬ್ರಿಗ್ಯೋ ಅನವಲ್ಲಿ?"

"ಹಿಂದಿನವ್ರು ಅಂದ್ರಲ್ಲ, ಮಾಮಾ" ಎಂದಳು.