ಕೋಲಿನ ಮಾಸ್ತರನ ಕಿಮ್ಮತ್ತು

ನಮ್ಮ ಸೋದರತ್ತೆ ಬಸವಣ್ಣೆವ್ವನಿಗೆ ಯಾರಾದರೂ ಬಂದು ಇದು ಹೀಗೇ ಇರಬೇಕು ಅಂದರೆ ಮುಗಿಯಿತು, ಅದು ಹಾಗೆ ಇರದಂತೆ ಅವಳೇ ನಿಂತು ನೋಡಿಕೊಳ್ಳುತ್ತಾಳೆ. ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಅವಳ ಹೊಲಿಗೆ ಅಂಗಡಿ ಇದೆ. ಗಿರಾಕಿ ಕುಪ್ಪಸದ ತೋಳು ಹಿಂಗಿಂಗೆ ಬೇಕು ಅಂದರೆ, "ನಿನ್ನ ಕೈಗೆ ಅದು ಒಪ್ಪಂಗಿಲ್ಲವ್ವಾ, ಬ್ಯಾರೆ ಕಡೆ ಹೊಲಸ್ಕೋ" ಎಂದು ಬಟ್ಟೆ ವಾಪಸು ಕೊಟ್ಟುಬಿಡುತ್ತಾಳೆ. ಆ ಗಿರಾಕಿ ಮರುದಿನ ಅದೇ ಬಟ್ಟೆ ಹಿಡಿದುಕೊಂಡು ಬರುತ್ತಾಳೆ ಅನ್ನುವುದು ಬೇರೆ ಮಾತು.

ಅಂಗಡಿಯ ಮೂಲೆಯ ಮೇಜಿನ ಮೇಲೆ ಒಂದು ರೆಕಾರ್ಡ್ ಪ್ಲೇಯರ್, ಅದರ ಬಾಜೂಕೆ ಒಂದು ದಪ್ಪ ಪೆಟ್ಟಿಗೆ. ಮುಚ್ಚಳದ ಮೇಲೆ ಬಿಳಿ ಕೂದಲು ಕೆದರಿಕೊಂಡು, ಕೈಯಲ್ಲಿ ಸಣ್ಣ ಕೋಲು ಹಿಡಿದು ನಿಂತ ವಿದೇಶಿ ಮುದುಕನ ಚಿತ್ರ. ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳನ್ನು ಮುಂದೆ ನಿಂತು ನಡೆಸುತ್ತಿದ್ದವನಂತೆ. ಅವನು ತೀರಿಕೊಂಡ ಮೇಲೆ ಅವನ ನೆನಪಿಗೆಂದು ಹೊರತಂದ ರೆಕಾರ್ಡುಗಳು ಅದರಲ್ಲಿವೆ. ಅವನ ಹೆಸರು ಅತ್ತೆಯ ನಾಲಿಗೆಗೆ ಹೊರಳುವುದಿಲ್ಲ. ಅವಳಿಗೆ ಅವನು ಕೋಲಿನ ಮಾಸ್ತರ.

ಪೆಟ್ಟಿಗೆ ಬಂದದ್ದು ಲೋಂಡಾದಿಂದ. ಅಲ್ಲಿ ಪಾಸ್ಕೋಲ್ ಎಂಬ ರೈಲ್ವೆ ಗಾರ್ಡ್ ಇದ್ದ. ಅವನ ಹೆಂಡತಿಯ ಫ್ರಾಕು ಹೊಲಿಯುತ್ತಿದ್ದವಳು ನಮ್ಮ ಅತ್ತೆ. ಬಟ್ಟೆ ಕೊಡಲು ಹೋದಾಗಲೆಲ್ಲ ಆ ಮನೆಯೊಳಗಿಂದ ಬರುವ ಸಂಗೀತ ಕೇಳುತ್ತ, ರೈಲು ತಪ್ಪಿದರೂ ತಪ್ಪಲಿ ಎಂದು ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಗಾರ್ಡ್ ನಿವೃತ್ತನಾಗಿ ಗೋವಾಕ್ಕೆ ಹೊರಟಾಗ ಒಯ್ಯಲಾಗದ ಸಾಮಾನನ್ನೆಲ್ಲ ಅಂಗಳದಲ್ಲಿಟ್ಟು, ಏನು ಬೇಕೋ ತಗೋ ಅಂದ. ಕಪಾಟಿತ್ತು, ತಾಮ್ರದ ಹಂಡೆಯಿತ್ತು. ಅತ್ತೆ ಮನೆಯೊಳಗಿದ್ದ ಪೆಟ್ಟಿಗೆಗೆ ಬೆರಳು ತೋರಿಸಿದಳು.

"ಅದು ಕೊಡೂ ಸಾಮಾನಲ್ಲ ಬಾಯಿ."

"ಏನ ಬೇಕೋ ತಗೋ ಅಂದ್ರಲ್ರೀ?"

ಗಾರ್ಡ್ ತಲೆ ಕೆರೆದುಕೊಂಡು, ಕೊನೆಗೆ ನಕ್ಕು, ಪ್ಲೇಯರ್ ಸಮೇತ ಕೊಟ್ಟನಂತೆ. ಅಂದಿನಿಂದ ಮಾಸ್ತರ ಖಾನಾಪುರದವನಾದ. ಜೋರು ಸಂಗೀತ ಬಂದಾಗ ಉದ್ದ ಹೊಲಿಗೆ, ನಿಧಾನದ್ದು ಬಂದಾಗ ಕಾಜಾ-ಗುಂಡಿ. ಅತ್ತೆಯ ಕೆಲಸ ನಡೆಯುವುದೇ ಹಾಗೆ.

ಜಗಳ ಶುರುವಾದದ್ದು ಈ ವರ್ಷ ದಸರಾಕ್ಕಿಂತ ಮುಂಚೆ. ನಮ್ಮಪ್ಪ ಶಶಿಧರ, ಅಂದರೆ ಅತ್ತೆಯ ತಮ್ಮ, ಬೆಳಗಾವಿಯಲ್ಲಿರುವವನು, ಅಕ್ಕನಿಗೆಂದು ಸೀರೆಗೆ ಪಿಕೋ ಮಾಡುವ ಹೊಸ ಮಷಿನ್ ಹೇಳಿಟ್ಟ. ಅತ್ತೆಗೂ ಖುಷಿಯೇ ಆಯಿತು. ಆದರೆ ಅದನ್ನಿಡಲು ಅಪ್ಪ ನೋಡಿದ ಜಾಗ ಮಾಸ್ತರನ ಮೂಲೆ.

"ಬೆಳಗಾವ್ಯಾಗ ಹಳೇ ರೆಕಾರ್ಡ್ ಪರೀಕ್ಷಾ ಮಾಡಾಂವ ಒಬ್ಬ ಅದಾನಕ್ಕಾ. ತೋರಸೂಣು. ಕಿಮ್ಮತ್ತಿದ್ರ ಮಾರೂಣು, ಇಲ್ಲಂದ್ರ ಗುಜರಿಗಿ ಹಾಕೂಣು."

"ಇದ್ರೂ ಹೋಗಬೇಕು, ಇಲ್ಲಂದ್ರೂ ಹೋಗಬೇಕು. ಮತ್ತ ತೋರಸೂದ್ಯಾಕೋ?"

"ನ್ಯಾಯ ಆಗ್ಲಿ ಅಂತ."

"ಭಾರಿ ನ್ಯಾಯವಂತ ಬಂದಿ ನೋಡು! ನಡಿ, ನಾನೂ ಬರ್ತೇನಿ. ನಿನ್ನ ಕೈಯಾಗ ಅದನ್ನ ಕೊಟ್ಟು ಕುಂದರಾಕಿ ನಾನಲ್ಲ."

ಬಸ್ಸಿನಲ್ಲಿ ಪೆಟ್ಟಿಗೆ ಅವಳ ತೊಡೆಯ ಮೇಲೆ, ಪ್ಲೇಯರಿನ ವೈರು ಚೀಲದಲ್ಲಿ. ವೈರು ಯಾಕೆ ಅಂತ ಜೊತೆಗಿದ್ದ ನಾನು ಕೇಳಿದರೆ, "ನಾ ಇಲ್ಲದಾಗ ಯಾರೂ ಹಚ್ಚಬಾರದು" ಅಂದಳು.

ಖಡೇಬಜಾರಿನ ಸಂದಿಯಲ್ಲಿ ಸಂಜಯ ಎಂಬುವವನ ಅಂಗಡಿ. ಒಳ್ಳೆಯ ಮನುಷ್ಯ. ಚಹಾ ತರಿಸಿ, ದೀಪ ಹತ್ತಿರಕ್ಕೆಳೆದುಕೊಂಡು ಪೆಟ್ಟಿಗೆ ನೋಡಿದವನು ಹುಬ್ಬೇರಿಸಿದ. ಮುಚ್ಚಳದ ಮೇಲಿನ ಮಾಸ್ತರನ ಹಣೆಗೆ ಮೂರು ಬೆರಳ ಪಟ್ಟಿ. ಒಳಗಿನ ರೆಕಾರ್ಡು ತೆಗೆದ. ಅದರ ನಡುವಿನ ಕಾಗದದ ಮೇಲೂ ಅದೇ. ಇನ್ನೊಂದು ತೆಗೆದ, ಅದರ ಮೇಲೂ.

"ಮಾವಶಿ, ಇದೇನ್ರೀ ಬೆಳ್ಳಗ?"

"ಇಬತ್ತಿ."

"ರೆಕಾರ್ಡಿಗೆ?"

"ದಸರಾದಾಗ ಖಂಡೇಪೂಜಿಗೆ ಕತ್ರಿಗೆ ಹಚ್ತೇನಿ, ಮಷಿನ್ನಿಗೆ ಹಚ್ತೇನಿ. ಇವೇನ ಪಾಪ ಮಾಡ್ಯಾವು? ಅವನೂ ಕಾಯಕದಾಂವ, ಕೋಲ ಹಿಡದು ನನ್ನ ಜೋಡಿ ದುಡದಾನ."

ಅಪ್ಪ ಹಣೆ ಹಿಡಿದುಕೊಂಡ. ಸಂಜಯ ನಗಲಿಲ್ಲ. "ಸಂಭಾಳಿಸಿ ಒರೆಸಿದ್ರ ಮುಚ್ಚಳದ್ದು ಹೋದೀತು, ಕಿಮ್ಮತ್ತು ಸ್ವಲ್ಪ ಏರ್ತೈತಿ" ಎಂದ.

"ಮುಟ್ಟಿ ನೋಡು," ಅಂದಳು ಅತ್ತೆ. ಅವನು ಮುಟ್ಟಲಿಲ್ಲ.

ಒಂದೊಂದೇ ರೆಕಾರ್ಡನ್ನು ದೀಪಕ್ಕೆ ಓರೆ ಹಿಡಿದು ನೋಡುತ್ತ ಹೋದ. ಗೆರೆ, ಸವೆತ, ಎಣ್ಣೆಯ ಬೆರಳ ಗುರುತು. "ಭಾಳ ಸವದಾವು ಮಾವಶಿ."

"ಭಾಳ ಕೇಳೇನಿ."

ಕೊನೆಯದನ್ನು ತೆಗೆದಾಗ ಸಂಜಯನ ಮುಖ ಅರಳಿತು. ಕಪ್ಪಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ವಿಭೂತಿ ಇಲ್ಲ, ಒಂದು ಗೆರೆ ಇಲ್ಲ.

"ಖರೇ ಮಾಲು ಇದು ನೋಡ್ರಿ! ಇದರ ಸಲುವಾಗಿ ಪುಣೆದಾಗ ಮಂದಿ ಕಾಯಾಕತ್ತಾರ. ಇದನ್ನೊಂದು ಹೆಂಗ ಇಷ್ಟು ಛಂದ ಇಟ್ಟೀರಿ?"

"ಅದರಾಗ ಸಂಗೀತ ಎಲ್ಲೈತೋ ತಮ್ಮಾ? ಮಂದಿ ಎದ್ದೆದ್ದು ಭಾಷಣ ಮಾಡ್ಯಾರ, ಮಾಸ್ತರ ದೊಡ್ಡಾಂವ ಅಂತ. ಇಂಗ್ಲೀಷ ನನಗ ತಿಳಿಯಂಗಿಲ್ಲ, ಚಪ್ಪಾಳಿ ತಿಳಿತೈತಲ್ಲ. ಒಂದ ಸಲ ಹಚ್ಚಿ ಒಳಗಿಟ್ಟೆ."

ಸಂಜಯ ರೆಕಾರ್ಡು ಕೆಳಗಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದ. ಇದೊಂದಕ್ಕೆ ಒಳ್ಳೆಯ ಕಿಮ್ಮತ್ತು, ಈಗಲೇ ಕೊಂಡುಕೊಳ್ಳುತ್ತಾನೆ. ಉಳಿದವನ್ನು ಯಾರೂ ಕೇಳುವುದಿಲ್ಲ.

"ಅಂದ್ರ ಕೇಳದಾಂವನ ಪೆಟ್ಟಿಗಿ ಬಂಗಾರ, ಕೇಳಿದಾಕಿ ಪೆಟ್ಟಿಗಿ ಕಸ?"

"ಬಜಾರ ಹಂಗ ಐತ್ರಿ ಮಾವಶಿ. ನಾ ಮಾಡಿದ್ದಲ್ಲ."

"ನೀ ಮಾಡಿಲ್ಲ, ಗೊತ್ತೈತಿ. ನಾ ಯಾಕ ಒಪ್ಪಲಿ?"

ಅಪ್ಪ ನಡುವೆ ಬಾಯಿ ಹಾಕಿದ. "ಮುಗೀತಲ್ಲಕ್ಕಾ. ಇದೊಂದು ಮಾರೂಣು, ಉಳದದ್ದು ಗುಜರಿಗಿ."

"ಮಾರಂಗಿಲ್ಲ."

"ನೀ ಅದನ್ನ ಕೇಳೂದ ಇಲ್ಲಲ್ಲ!"

"ಕೇಳಂಗಿಲ್ಲ, ಕೊಡಂಗೂ ಇಲ್ಲ. ಪೆಟ್ಟಿಗ್ಯಾಗ ಅದರ ಜಾಗಾ ಐತಿ, ಅಲ್ಲೇ ಬಿದ್ದಿರ್ಲಿ."

"ಮತ್ತ ಮಷಿನ್ ಎಲ್ಲಿಡ್ತಿ, ನನ್ನ ತಲಿಮ್ಯಾಲೆ?"

"ನಿನ್ನ ಕುರ್ಚಿ ಜಾಗಾದಾಗ."

ಆ ಕುರ್ಚಿ ಅಂದರೆ ಅಪ್ಪನೇ ತಂದಿಟ್ಟ ಮೆತ್ತನೆಯ ದೊಡ್ಡ ಕುರ್ಚಿ, ಕಿಟಕಿಯ ಹತ್ತಿರ, ಗಾಳಿ ಬರುವ ಕಡೆ. ಗಿರಾಕಿಗೆಂದು ಹೆಸರು. ಕೂರುವುದು ಅಪ್ಪ, ಊರಿಗೆ ಹೋದಾಗಲೆಲ್ಲ.

"ಅದರ ಕಿಮ್ಮತ್ತು ಗೊತ್ತೈತೇನ ನಿನಗ?" ಅಪ್ಪನ ದನಿ ಏರಿತು.

"ಇಲ್ಲಪಾ. ಸಂಜಯಗ ತೋರಸೂಣು. ಕಿಮ್ಮತ್ತಿದ್ರ ಮಾರೂಣು, ಇಲ್ಲಂದ್ರ ಗುಜರಿಗಿ ಹಾಕೂಣು."

ಸಂಜಯನ ಚಹಾ ಮೂಗಿಗೇರಿತು. ನಾನು ಬೀದಿಯ ಕಡೆ ಮುಖ ತಿರುಗಿಸಿಕೊಂಡೆ. ಅಪ್ಪನ ಎದುರು ನಕ್ಕರೆ ಮನೆಗೆ ಬಂದ ಮೇಲೆ ನನ್ನ ಕಥೆ ಮುಗಿಯುತ್ತಿತ್ತು. ಅತ್ತೆ ರೆಕಾರ್ಡುಗಳನ್ನು ತಾನೇ ಒಂದೊಂದಾಗಿ ಜೋಡಿಸಿ, ಹೊಳೆಯುವುದನ್ನು ಎಲ್ಲಕ್ಕಿಂತ ಕೆಳಗೆ ತಳ್ಳಿ, ಮುಚ್ಚಳ ಹಾಕಿದಳು.

ಖಂಡೇಪೂಜೆಯ ಹಿಂದಿನ ದಿನ ಪಿಕೋ ಮಷಿನ್ ಬಂತು. ಕುರ್ಚಿ ಬೆಳಗಾವಿಗೆ, ನಮ್ಮ ಮನೆಗೆ ಬಂತು. ಪೂಜೆಗೆ ನಾವು ಖಾನಾಪುರಕ್ಕೆ ಹೋದಾಗ ಅಪ್ಪನಿಗೆ ಕೂರಲು ಸಿಕ್ಕಿದ್ದು ಹೊಸ್ತಿಲು. ಅತ್ತೆ ವಿಭೂತಿ ಕಲಸಿ ಕತ್ತರಿಗೆ ಹಚ್ಚಿದಳು, ಹಳೆಯ ಮಷಿನ್ನಿಗೆ ಹಚ್ಚಿದಳು, ಮಾಸ್ತರನ ಹಣೆಗೆ ಹಚ್ಚಿದಳು. ಆಮೇಲೆ ರೆಕಾರ್ಡುಗಳಿಗೆ. ಹೊಳೆಯುವುದು ಕೈಗೆ ಬಂದಾಗ ಹಾಗೇ ತಿರುಗಿ ಒಳಗಿಟ್ಟಳು.

"ಅದಕ್ಕೂ ಹಚ್ಚಕ್ಕಾ. ಕಿಮ್ಮತ್ತಿದ್ದದ್ದು ಅದೊಂದ," ಅಂದ ಅಪ್ಪ.

"ಅದು ಏನ ದುಡದೈತಿ?"

"ಹೋಗ್ಲಿ, ನನ್ನ ಹೊಸಾ ಮಷಿನ್ನಿಗಾದ್ರೂ?"

"ನಿನ್ನಿ ಬಂದೈತಿ. ಮೊದಲ ಒಂದು ಸೀರಿ ಮುಗಸಲಿ."

ಎಲ್ಲಕ್ಕಿಂತ ಹೆಚ್ಚು ಸವೆದ ರೆಕಾರ್ಡನ್ನೇ ಆರಿಸಿ ಹಚ್ಚಿದಳು. ಮೊದಲು ಒಗ್ಗರಣೆ ಸಿಡಿದಂತೆ ಚಟಚಟ, ಅದರ ಹಿಂದಿನಿಂದ ನೂರು ಪಿಟೀಲು. ಪಿಕೋ ಮಷಿನ್ನಿಗೆ ಸೀರೆಯ ಅಂಚು ಕೊಟ್ಟು, ಕಾಲು ಒತ್ತುವ ಮುಂಚೆ ಹೊಸ್ತಿಲ ಕಡೆ ನೋಡಿದಳು.

"ಏ ಶಶಿ, ಬಾಗಲದಾಗಿಂದ ಸ್ವಲ್ಪ ಸರಿ. ಬೆಳಕ ಬರ್ಲಿ."