ನನಗಿಂತ ಮೊದಲೇ ಹೊರಟ ನನ್ನ ರಿಪೋರ್ಟು

ಹೆಣ್ಣು ನೋಡಲು ಪೆರೇಸಂದ್ರದಿಂದ ಶಿಡ್ಲಘಟ್ಟದ ನಮ್ಮ ಮನೆಗೆ ಬಂದಿದ್ದ ಹುಡುಗನ ಸೋದರತ್ತೆ, ಕಾಫಿ ಲೋಟ ಕೆಳಗಿಟ್ಟು ತಮ್ಮ ಮೊಬೈಲನ್ನು ಅಮ್ಮನ ಮುಂದೆ ಹಿಡಿದರು.

"ಹುಡುಗಿಗೆ ಶುಗರ್ ಐತಂತಲ್ಲಮ್ಮ, ನಮಗ್ಯಾಕೆ ಹೇಳ್ಲಿಲ್ಲ?"

ಪರದೆಯ ಮೇಲಿದ್ದುದು, ಹಿಂದಿನ ವಾರ ಚಿಂತಾಮಣಿಯ ಲ್ಯಾಬೊಂದರಲ್ಲಿ ಮಾಡಿಸಿದ್ದ ನನ್ನದೇ ರಕ್ತಪರೀಕ್ಷೆಯ ವರದಿ. ಆ ವಿಷಯವನ್ನು ಅವತ್ತೇ ಹುಡುಗನಿಗೆ ನಾನೇ ಹೇಳಬೇಕೆಂದು ಮಾತು ಜೋಡಿಸಿಕೊಂಡು ಕೂತಿದ್ದೆ. ಬಾಯಿ ತೆರೆಯುವ ಮೊದಲೇ ಅವರೆಲ್ಲ ಎದ್ದು ಹೋದರು.

ಮರುದಿನ ಲ್ಯಾಬಿಗೆ ಹೋದೆ. ವರದಿ ಟೈಪ್ ಮಾಡುವಾಕೆ ಆ ಸೋದರತ್ತೆಯ ಸಂಬಂಧಿಯಂತೆ. ಕೇಳಿದರೆ ಆಕೆ ಮುಖವನ್ನೂ ತಗ್ಗಿಸಲಿಲ್ಲ.

"ನಮ್ಮೋರು ಕೇಳಿದ್ರು, ಕಳಿಸ್ದೆ. ಸುಳ್ಳೇನಾದ್ರೂ ಕಳಿಸಿದ್ನಾ?"

ಮಾಲೀಕರನ್ನು ಕರೆಸಿದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಇದೆ, ಹೊರಗಿನವರು ಯಾರೂ ನೋಡಲಾರರು ಎಂದು ಅವರು ನನಗೇ ಸಮಾಧಾನ ಹೇಳಿದರು! ಕಳಿಸಿದ್ದು ಒಳಗಿನವರೇ ಅಲ್ಲವೇ ಎಂದು ಕೇಳಿದೆ. ಲಿಖಿತ ದೂರು ಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಂಡೇ ಹೊರಬಂದೆ.

ಸಂಬಂಧ ತಪ್ಪಿದ್ದಕ್ಕೆ ದುಃಖವಿಲ್ಲ, ಕಾಯಿಲೆಯ ಬಗ್ಗೆ ನಾಚಿಕೆಯೂ ಇಲ್ಲ. ನಾನು ಹೇಳಬೇಕಾದ ಮಾತನ್ನು ಕದ್ದರಲ್ಲ ಎಂಬ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಈಗ ರಕ್ತ ಕೊಡಲು ತೋಳು ಚಾಚಿದಾಗಲೆಲ್ಲ, ಕಂಪ್ಯೂಟರಿನ ಮುಂದೆ ಕೂತಿರುವುದು ಯಾರೆಂದು ಕತ್ತು ಹೊರಳಿಸಿ ನೋಡುತ್ತೇನೆ.